ಮುಂಗೈ ಮೇಲಿನ ಬರೆ, ಗಾಜಿನ ಮೇಲಿನ ಗೆರೆ

೧೯೭೮ರ ಬೇಸಿಗೆಯಲ್ಲಿ ನಾನು ಜಿಲ್ಲಾ ಪ್ರಯೋಗಾಲಯದ ಟೆಕ್ನಿಷಿಯನ್. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳಲ್ಲಿ ತಿರುಗಿ ಕಾಮಾಲೆ ರೋಗಿಗಳ ರಕ್ತ ಪರೀಕ್ಷಿಸುವ ಕೆಲಸಕ್ಕೆ ನನ್ನನ್ನು ಹಾಕಿದ್ದರು. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ಸಿನ ಡಿಎನ್‌ಎಯನ್ನೇ ರಕ್ತದಲ್ಲಿ ಹುಡುಕುವ ವಿಧಾನ ಆಗ ನಮ್ಮ ಕೈಯಲ್ಲಿರಲಿಲ್ಲ. ವೈರಸ್ಸಿನ ಹೊರಕವಚದ ಪ್ರೋಟೀನನ್ನು ಹುಡುಕುತ್ತಿದ್ದೆವು. ಅದಕ್ಕೆ ಆಸ್ಟ್ರೇಲಿಯಾ ಆಂಟಿಜೆನ್ ಎಂದು ಹೆಸರು. ಗಾಜಿನ ಪಟ್ಟಿಯ ಮೇಲೆ ಅಗಾರ್ ಎಂಬ ಲೋಳೆಯನ್ನು ಹೆಪ್ಪುಗಟ್ಟಿಸಿ ಎದುರುಬದುರು ಎರಡು ಕುಳಿ ಕೊರೆಯಬೇಕು. ಒಂದಕ್ಕೆ ರೋಗಿಯ ಸೀರಮ್, ಅಂದರೆ ರಕ್ತದ ತಿಳಿ, ಇನ್ನೊಂದಕ್ಕೆ ಆ ಪ್ರೋಟೀನನ್ನು ಹಿಡಿಯುವ ಆಂಟಿಸೀರಮ್ ತುಂಬಿ ವಿದ್ಯುತ್ ಹಾಯಿಸಬೇಕು. ಒಂದೂವರೆ ತಾಸಿನಲ್ಲಿ ನಡುವೆ ಬಿಳಿ ಗೆರೆ ಮೂಡಿದರೆ ಆಂಟಿಜೆನ್ ಇದೆ ಎಂದರ್ಥ.

ಒಂದು ದಿನ ಮುದ್ದೇಬಿಹಾಳದ ಆಸ್ಪತ್ರೆಯಲ್ಲಿದ್ದೆ. ಬೆಳಿಗ್ಗೆ ಹತ್ತರ ಸುಮಾರಿಗೆ ನಾಲತವಾಡದಿಂದ ಗಂಗವ್ವ ಎಂಬ ಬಾಣಂತಿಯನ್ನು ತಂದರು. ಹೆರಿಗೆಯ ನಂತರದ ರಕ್ತಸ್ರಾವವನ್ನು ಅಲ್ಲಿನ ವೈದ್ಯೆ, ಎಲ್ಲರ ಬಾಯಲ್ಲಿ ಡಾಕ್ಟರಬಾಯಾರು, ನಿಲ್ಲಿಸಿದರು. ಆದರೆ ಹನ್ನೊಂದು ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ನಾಲ್ಕಕ್ಕೆ ಇಳಿದಿತ್ತು. ನಾಡಿ ನಿಮಿಷಕ್ಕೆ ನೂರನಲವತ್ತು. ರಕ್ತ ತರಲು ವಿಜಾಪುರಕ್ಕೆ ಜೀಪು ಕಳಿಸಿದೆವು. ಹೋಗಿ ಬರಲು ನಾಲ್ಕು ತಾಸು. ಅಷ್ಟು ಹೊತ್ತು ಆಕೆ ತಡೆಯುವ ಭರವಸೆ ಯಾರಿಗೂ ಇರಲಿಲ್ಲ.

ಗಂಡನ ಗುಂಪು ಹೊಂದಲಿಲ್ಲ. ಮಸೂತಿ ಎಂಬ ಊರಿನಿಂದ ಬಂದಿದ್ದ ಗಂಗವ್ವನ ಅಣ್ಣ ಸಂಗಪ್ಪನದು ಹೊಂದಿತು: ಬಿ ಪಾಸಿಟಿವ್. ಏನಾದರೂ ರೋಗವಿದೆಯೇ, ಹಿಂದೆ ಆಗಿತ್ತೇ ಎಂದು ಕೇಳಿದೆ.

"ಏನೂ ಇಲ್ರಿ. ಕಲ್ಲ ಇದ್ದಂಗ ಅದೀನಿ."

ಬಲಗೈಯಿಂದ ಒಂದು ಬಾಟಲಿ ರಕ್ತ ತೆಗೆದೆ. ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಳ್ಳಲು ಅವನು ಎಡಗೈ ಎತ್ತಿದಾಗ ಅಂಗಿಯ ತೋಳು ಸರಿಯಿತು. ಮುಂಗೈ ಮೇಲೆ ಕಾಸಿದ ಕಬ್ಬಿಣದ ಬರೆ. ಕಾಮಾಲೆಗೆ ಹಾಕುವ ಬರೆ ಅದು. ಆ ತಿರುಗಾಟದಲ್ಲಿ ಅಂಥ ಗುರುತನ್ನು ದಿನವೂ ನೋಡುತ್ತಿದ್ದೆ.

"ಕಾಮಣಿ ಆಗಿತ್ತೇನು?"

"ದೀಪಾವಳಿ ಮುಂದ ಆಗಿತ್ರಿ. ಬರಿ ಹಾಕಿಸಿದ ಮ್ಯಾಲ ಹೋತಲ್ರಿ. ಹೋದ ರೋಗದ ಮಾತು ಈಗ್ಯಾಕ?"

ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಬರೆ ಬಿದ್ದ ದಿನವೇ ಅವನ ಪಾಲಿಗೆ ಆ ರೋಗ ಅಳಿಸಿಹೋಗಿತ್ತು. ಬಾಟಲಿ ಮೇಜಿನ ಮೇಲಿತ್ತು, ಇನ್ನೂ ಬೆಚ್ಚಗೆ. ಅದರಲ್ಲಿ ವೈರಸ್ ಇನ್ನೂ ಇರಬಹುದೆಂದು ತಿಳಿಸಿದಾಗ ಬಾಯಾರು ಗಂಗವ್ವನಿಗೆ ಸಲೈನ್ ಕೊಡುತ್ತ ಒಂದೂವರೆ ತಾಸು ಕಾಯಲು ಒಪ್ಪಿದರು.

ಹನ್ನೊಂದೂವರೆಗೆ ವಿದ್ಯುತ್ ಹಾಯಿಸಿದೆ. ಪರೀಕ್ಷೆ ಸರಿಯಾಗಿ ನಡೆದಿದೆ ಎಂಬುದಕ್ಕೆ ಸಾಕ್ಷಿಯಾಗಿ ಆಂಟಿಜೆನ್ ಇರುವುದು ಮೊದಲೇ ಗೊತ್ತಿದ್ದ ಸೀರಮ್ ಒಂದು ಸಾಲಿನಲ್ಲಿ, ಸಂಗಪ್ಪನದು ಪಕ್ಕದ ಸಾಲಿನಲ್ಲಿ. ಒಂದು ಗಂಟೆಗೆ ಗಾಜನ್ನು ಬೆಳಕಿಗೆ ಹಿಡಿದೆ. ಮೊದಲ ಸಾಲಿನಲ್ಲಿ ಗೆರೆ ಸ್ಪಷ್ಟ. ಸಂಗಪ್ಪನ ಸಾಲಿನಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಗಂಗವ್ವನ ನಾಡಿ ನೂರೈವತ್ತು ದಾಟಿತ್ತು.

"ಗೆರಿ ಇಲ್ಲಲ್ಲ? ಕೊಡೂಣೇನು?" ಎಂದರು ಬಾಯಾರು.

"ಗೆರಿ ಕಾಣವಲ್ದು ಅಂತ ಬರೀತೇನ್ರಿ. ವೈರಸ್ ಇಲ್ಲ ಅಂತ ಬರಿಯಾಕ ಆಗೂದಿಲ್ಲ." ಆಂಟಿಜೆನ್ ಕಡಿಮೆಯಿದ್ದರೆ ಈ ಪರೀಕ್ಷೆಗೆ ಅದು ಸಿಗುತ್ತಿರಲಿಲ್ಲ.

"ಹಂಗಾರ ಆಕಿ ಸಾಯೂದು ನೋಡ್ಕೋತ ನಿಂದರ್ಲೇನು?"

ಬಾಗಿಲ ಬಳಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಗಂಗವ್ವನ ಅತ್ತೆ ನೀಲವ್ವ ಆಗ ಬಾಯಿ ಬಿಟ್ಟರು.

"ಮುಂಜಾನಿಂದ ಬರೇ ಗಂಡಸರ ಕೈ ಚುಚ್ಚಾಕತ್ತೀರಿ. ನಮ್ಮ ಮೈಯಾಗ ಹರಿಯೂದು ನೀರೇನ್ರಿ?"

ಹೆಂಗಸರ ರಕ್ತ ಕೇಳುವ ರೂಢಿಯೇ ಅಲ್ಲಿರಲಿಲ್ಲ. ನನಗೂ ಹೊಳೆದಿರಲಿಲ್ಲ.

"ಅತ್ತಿ ನೆತ್ತರ ಸೊಸಿಗೆ ಹೊಂದೀತೇನ?" ಎಂದ ಸಂಗಪ್ಪ.

"ಹೊಂದದಿದ್ರ ಒಳಗ ಹೋಗಿ ಜಗಳಾಡತೈತಿ. ನೀ ಸುಮ್ನಿರಪಾ."

ನೀಲವ್ವನದೂ ಬಿ ಪಾಸಿಟಿವ್, ಹಿಮೋಗ್ಲೋಬಿನ್ ಹನ್ನೆರಡು. ಇನ್ನೊಂದು ಗಾಜಿನ ಪರೀಕ್ಷೆಗೆ ಸಮಯವಿರಲಿಲ್ಲ. ಕಾಮಾಲೆ ಆಗಿತ್ತೇ ಎಂದು ಎರಡು ಸಲ ಕೇಳಿದೆ, ಎರಡೂ ಮುಂಗೈ ತಿರುಗಿಸಿ ನೋಡಿದೆ. ಬಳೆ ಒತ್ತಿದ ಗುರುತು ಬಿಟ್ಟರೆ ಏನೂ ಇರಲಿಲ್ಲ. ಎರಡು ಗಂಟೆಗೆ ರಕ್ತ ಏರಿಸಿದರು. ಜೀಪು ಬರುವ ಹೊತ್ತಿಗೆ ಗಂಗವ್ವ ಕೂಸನ್ನು ಕೇಳಿದ್ದಳು.

ಅತ್ತೆಯ ಸೀರಮ್ಮನ್ನೂ ಆಮೇಲೆ ಪರೀಕ್ಷೆಗೆ ಹಚ್ಚಿದೆ. ಬರಿಗಣ್ಣಿಗೆ ಸಿಗದ ಮಸುಕು ಗೆರೆಯೂ ಕಾಣಲೆಂದು ಮರುದಿನ ಎರಡೂ ಗಾಜುಗಳನ್ನು ಬಣ್ಣದ ದ್ರಾವಣದಲ್ಲಿ ಅದ್ದಿ ತೊಳೆದೆ. ನೀಲವ್ವನದು ಖಾಲಿ. ಸಂಗಪ್ಪನ ಸಾಲಿನಲ್ಲಿ ಕೂದಲೆಳೆಯಂಥ ನೀಲಿ ಗೆರೆ. ಬಾಟಲಿಯನ್ನು ನಾಶಪಡಿಸಿದೆವು.

ನಿವೃತ್ತಿಯ ಹತ್ತಿರದ ದಿನಗಳಲ್ಲಿ ವೈರಸ್ಸಿನ ಡಿಎನ್‌ಎಯನ್ನೇ ಹುಡುಕುವ ಯಂತ್ರ ನೋಡಿದೆ. ಅದರ ವರದಿಯೂ "ವೈರಸ್ ಇಲ್ಲ" ಎನ್ನುವುದಿಲ್ಲ, "ಪತ್ತೆಯಾಗಲಿಲ್ಲ" ಎನ್ನುತ್ತದೆ. ಕಂಡದ್ದನ್ನಷ್ಟೇ ಬರೆಯಬೇಕೆಂದು ನನಗೆ ಕಲಿಸಿದ್ದು ಮುದ್ದೇಬಿಹಾಳದ ಆ ಗಾಜು. ಅಂದಿನಿಂದ ದಾನಿಯ ಅಂಗಿಯ ಎರಡೂ ತೋಳು ಮಡಚಿಸಿ ಮುಂಗೈ ನೋಡದೆ ನಾನು ಸೂಜಿ ಹಿಡಿಯಲಿಲ್ಲ.