ದರ ಬೀಳುವ ತನಕ

ಹೆಣ್ಣು ನೋಡಲು ಮೋಟೆಬೆನ್ನೂರಿಗೆ ಹೋದ ದಿನ ಮಾಲತೇಶಪ್ಪನು ಮೊದಲು ನೋಡಿದ್ದು ಹೆಣ್ಣನ್ನಲ್ಲ, ಅವಳ ತಂದೆಯ ಮೆಣಸಿನಕಾಯಿಯನ್ನು. ಅಂಗಳದ ತುಂಬ ಕಾಯಿ ಒಣಹಾಕಿದ್ದರು. ಹುಡುಗನು ಚಪ್ಪಲಿ ಬಿಡುವುದನ್ನೂ ಮರೆತು ರಾಶಿಯ ಮುಂದೆ ಕುಳಿತನು. ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿದನು, ಮುರಿದನು, ಮೂಸಿದನು.

"ಯಜಮಾನ್ರ, ಇದನ್ನ ಈ ವಾರ ಪ್ಯಾಟಿಗೆ ಒಯ್ಯಬ್ಯಾಡ್ರಿ. ಸ್ವಲ್ಪ ತಡೀರಿ," ಎಂದನು.

ಬಾಗಿಲ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿಸಿತು. "ಕಾಯಿ ನೋಡಾಕ ಬಂದಾನೋ, ಕನ್ಯಾ ನೋಡಾಕ ಬಂದಾನೋ, ಕೇಳ್ರಿ ಅವಗ."

ಮಂಗಳವ್ವನ ಮಾತನ್ನು ಅವನು ಮೊದಲು ಕೇಳಿದ್ದು ಹೀಗೆ. ಆ ವರ್ಷ ಅವಳ ತಂದೆ ತಡೆದದ್ದಕ್ಕೆ ಒಳ್ಳೆಯ ದರ ಸಿಕ್ಕಿತು. ಇಂಥ ಅಳಿಯ ಬೇಕೆಂದು ಹಿರಿಯರು ಆಮೇಲೆ ಬೇರೆ ಕಡೆ ನೋಡಲೇ ಇಲ್ಲ.

ಮಾಲತೇಶಪ್ಪನು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಒಂದು ಖರೀದಿ ಅಂಗಡಿಯ ಪರವಾಗಿ ಮಾಲು ನೋಡಿ ದರ ಹಾಕುವ ಕೆಲಸ ಮಾಡುತ್ತಿದ್ದನು. ಟೆಂಡರಿನ ದಿನ ದಲಾಲಿ ಅಂಗಡಿಗಳ ಮುಂದೆ ಚೀಲಗಳ ಬಾಯಿ ಬಿಚ್ಚಿಟ್ಟಿರುತ್ತಾರೆ. ಮೂಗಿಗೆ ವಸ್ತ್ರ ಕಟ್ಟಿಕೊಂಡು, ಸೀನುವವರ ನಡುವೆ ಹಾದು, ಒಂದೊಂದು ಲಾಟನ್ನೂ ಮುಟ್ಟಿ ನೋಡಿ, ಮಧ್ಯಾಹ್ನದೊಳಗೆ ದರ ಹಾಕಬೇಕು. ಹೆಚ್ಚಿಗೆ ಹಾಕಿದರೆ ಮಾಲಕನು ಮುಳುಗುತ್ತಾನೆ. ಕಡಿಮೆ ಹಾಕಿದರೆ ಮಾಲು ಬೇರೆಯವರ ಪಾಲಾಗುತ್ತದೆ. ಆದರೆ ದರ ಇಳಿಯತೊಡಗಿದ ವಾರಗಳಲ್ಲಿ ಎಂಥ ಚೆಂದದ ಕಾಯಿ ಬಂದರೂ ಮಾಲತೇಶಪ್ಪನು ಕೈಕಟ್ಟಿ ನಿಲ್ಲುತ್ತಿದ್ದನು. "ಇನ್ನೂ ಇಳೀತೈತಿ," ಎನ್ನುತ್ತಿದ್ದನು, ಅದು ಇಳಿಯುತ್ತಿತ್ತು. ಅವಸರಪಟ್ಟು ಕೊಂಡವರು ಮುಂದಿನ ವಾರ ತಲೆಯ ಮೇಲೆ ಕೈ ಹೊತ್ತು ಕೂಡುತ್ತಿದ್ದರು. ಅಂಗಡಿಯ ಈಗಿನ ಮಾಲಕ ಯುವರಾಜನು ಅವನನ್ನು ಕಾಕಾ ಎಂದೇ ಕರೆಯುವವನು. "ನಮ್ಮ ಕಾಕಾ ಹಸಿವ್ಯಾದ್ರೂ ರೊಟ್ಟಿ ದರ ಇಳೀಲಿ ಅಂತ ಕುಂತಿರ್ತಾನ" ಎಂದು ಚೇಷ್ಟೆ ಮಾಡುತ್ತಿದ್ದನು. ಆ ಅಂಗಡಿ ಇಷ್ಟು ವರ್ಷ ನಿಂತದ್ದು ಆ ಗುಣದಿಂದಲೇ ಎಂಬುದು ಅವನಿಗೂ ತಿಳಿದಿತ್ತು.

ಮಂಗಳವ್ವನದು ಇದಕ್ಕೆ ವಿರುದ್ಧವಾದ ಸ್ವಭಾವ. ಅವಳ ಬಾಯಿಗೂ ಕೈಗೂ ತಡೆಯೆಂಬುದು ಇರಲಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತನವಿದ್ದರೂ ಅಂಟಿನುಂಡಿ ಕಟ್ಟಲು ಅವಳೇ ಬೇಕು. ಗರ್ಭಕೋಶದ ಆಪರೇಷನ್ ಆದ ಮೇಲೆ ಅವಳ ಮೈ ಬೆಳೆಯುತ್ತ ಹೋಯಿತು. ಥೈರಾಯ್ಡ್ ಎಂದರು, ಸಕ್ಕರೆ ಕಾಯಿಲೆ ಎಂದರು. ಒಂದು ರೊಟ್ಟಿ ಬಿಟ್ಟು ನೋಡಿದಳು, ಎರಡು ಬಿಟ್ಟು ನೋಡಿದಳು. ತೂಕದ ಮುಳ್ಳು ಮಾತ್ರ ಹಿಂದೆ ಸರಿಯಲಿಲ್ಲ. ಕೊನೆಗೆ ಹಳೆಯ ಹೊಲಿಗೆಯ ಜಾಗದಲ್ಲಿ ಹೊಟ್ಟೆ ಉಬ್ಬಿಕೊಂಡಿತು. ಅದರ ಮೇಲೆ ಹಳೆಯ ಸೀರೆಯ ತುಂಡನ್ನು ಬಿಗಿಯಾಗಿ ಕಟ್ಟಿಕೊಂಡು, ಗೋಡೆ ಹಿಡಿದು ಅಡಿಗೆಮನೆಯಲ್ಲಿ ಓಡಾಡುತ್ತಿದ್ದಳು.

ಮಗಳು ಅಂಜಲಿ ಹಾವೇರಿಯ ಕೋರ್ಟಿನಲ್ಲಿ ಗುಮಾಸ್ತೆ. ದಸರೆಯ ರಜೆಯಲ್ಲಿ ಬಂದವಳು ತಾಯಿಯನ್ನು ಹಾವೇರಿಗೆ ಕರೆದೊಯ್ದು, ಶ್ರೀದೇವಿ ಎಂಬ ಸರ್ಜನ್ ಡಾಕ್ಟರಿಗೆ ತೋರಿಸಿದಳು. ಮಾಲತೇಶಪ್ಪನೂ ಜೊತೆಯಲ್ಲಿದ್ದನು.

"ಇದು ಹರ್ನಿಯಾ ಐತ್ರಿ, ಯಜಮಾನ್ರ, ಹಳೇ ಹೊಲಿಗಿ ಸಡ್ಲಾಗಿ ಕರುಳು ಹೊರಗ ನೂಕೈತಿ," ಎಂದರು ಡಾಕ್ಟರು. "ಆಪರೇಷನ್ ಆಗಬೇಕು. ಆದ್ರ ಈ ತೂಕದಾಗ ಅರವಳಿಕೆ ಕೊಟ್ರ ಉಸಿರಿಗೆ ಭಾಳ ತ್ರಾಸ ಐತಿ. ಹದಿನೈದು ಇಪ್ಪತ್ತು ಕಿಲೋ ಇಳೀಲಿ. ವಾರಕ್ಕೊಂದು ಇಂಜೆಕ್ಷನ್ ಬರದ ಕೊಡ್ತೇನಿ. ನಾಲ್ಕೈದು ತಿಂಗಳದಾಗ ಇಳಿದ್ರ ಧೈರ್ಯಾಲೆ ಆಪರೇಷನ್ ಮಾಡೂಣು."

"ಅಲ್ಲೀತನಾ ಹಿಂಗ ಇದ್ರ ನಡೀತೈತೇನ್ರಿ?" ಎಂದು ಅವನು ಕೇಳಿದನು.

"ಅದಕ್ಕ ಲಗೂ ಶುರು ಮಾಡ್ರಿ ಅನ್ನೂದು. ಅದರಾಗ ಕರುಳು ಸಿಗಬಿತ್ತಂದ್ರ ಆಪರೇಷನ್ನಿನ ದಿನಾ ಆರಿಸೂದು ನಮ್ಮ ಕೈಯಾಗ ಇರೂದಿಲ್ಲ."

ಕೆಳಗಿನ ಔಷಧದ ಅಂಗಡಿಯಲ್ಲಿ ಕೇಳಿದರೆ ತಿಂಗಳಿಗೆ ಹದಿನೇಳು ಸಾವಿರವೆಂದರು. ಮಂಗಳವ್ವನು ಬಾಯಿಗೆ ಸೆರಗು ಹಿಡಿದು ನಕ್ಕಳು. "ಏನ್ರಿ, ಇಷ್ಟು ವರ್ಷ ಉಂಡು ಬೆಳೆಸಿದ್ದಕ್ಕ ಅಷ್ಟು ಖರ್ಚು ಆಗಿಲ್ಲ, ಇಳಸಾಕ ಇಷ್ಟು ಕೊಡಬೇಕಂತ!"

ಅವನ ಹತ್ತಿರ ಹಣವಿರಲಿಲ್ಲವೆಂದಲ್ಲ. ಮಗಳ ಮದುವೆ ಮುಗಿದಿತ್ತು, ಮನೆ ಸ್ವಂತದ್ದು, ಕೂಡಿಟ್ಟದ್ದೂ ಇತ್ತು. ಆದರೆ ಒಂದೇ ಅಂಗಡಿಯಲ್ಲಿ ಕೇಳಿ, ಹೇಳಿದ ದರಕ್ಕೆ ಮಾಲು ಹಿಡಿದು ಮನೆಗೆ ಬರುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಆ ದಿನ ಬರಿಗೈಯಲ್ಲಿ ಬಸ್ಸು ಹತ್ತಿದರು.

ಮುಂದಿನ ವಾರ ಅವನು ರಾಣೆಬೆನ್ನೂರಿಗೆ ಹೋಗಿ, ಸಗಟು ಔಷಧ ಮಾರುವ ಚೇತನಕುಮಾರನ ಅಂಗಡಿಯಲ್ಲಿ ಕುಳಿತನು.

"ಮಾಲು ತೋರಸ್ರಿ," ಎಂದನು.

"ಕಾಕಾರ, ಇದು ಮೆಣಸಿನಕಾಯಿ ಅಲ್ರಿ, ಮುರದು ಮೂಸಾಕ." ಚೇತನಕುಮಾರನು ನಗುತ್ತ ಫ್ರಿಜ್ಜಿನಿಂದ ಎರಡು ಡಬ್ಬಿಗಳನ್ನು ತೆಗೆದಿಟ್ಟನು. ಒಂದು ಪೆನ್ನಿನಂಥದು, ವಾರಕ್ಕೊಂದರಂತೆ ತಿಂಗಳಿನ ಡೋಸೆಲ್ಲ ಅದೊಂದರಲ್ಲೇ. ಇನ್ನೊಂದು ಸಣ್ಣ ಸೀಸೆ. ಮೊದಲು ಅಗ್ಗ, ಡೋಸು ಏರಿದ ಹಾಗೆ ದರವೂ ಏರುತ್ತದೆ. "ಥಂಡ್ಯಾಗ ಇಡಬೇಕ್ರಿ, ಹೊರಗ ಇಟ್ರ ಕೆಡ್ತೈತಿ."

"ಬ್ಯಾಡಗ್ಯಾಗ ಥಂಡಿಗೆ ಬರ ಐತೇನು? ಊರ ಸುತ್ತ ಕೋಲ್ಡ್ ಸ್ಟೋರೇಜ ಅದಾವು," ಎಂದನು ಮಾಲತೇಶಪ್ಪ. ಆಮೇಲೆ ಬಂದ ವಿಷಯಕ್ಕೆ ಬಂದನು. "ದರ ಎಲ್ಲಿಗೆ ನಿಲ್ತೈತಿ, ಅದನ್ನ ಹೇಳ್ರಿ."

ಚೇತನಕುಮಾರನು ತನಗೆ ತಿಳಿದದ್ದನ್ನು ಮುಚ್ಚಿಡಲಿಲ್ಲ. ಪೆನ್ನಿನ ಔಷಧವನ್ನು ಈಗ ಒಂದೇ ಕಂಪನಿ ಮಾಡುತ್ತದೆ, ಅದರ ಹಕ್ಕಿನ ಅವಧಿ ಮಾರ್ಚಿನಲ್ಲಿ ಮುಗಿಯುತ್ತದೆ, ಆಮೇಲೆ ನಮ್ಮ ದೇಶದ ಕಂಪನಿಗಳೆಲ್ಲ ಮಾಡುತ್ತವೆ, ಆಗ ದರ ನೆಲ ಕಚ್ಚುತ್ತದೆ ಎಂದನು. "ಆದ್ರ ಡಾಕ್ಟರು ಈಗ ಬರದಾರಂದ್ರ ಈಗ ಒಯ್ರಿ," ಎಂದೂ ಸೇರಿಸಿದನು. ಮಾಲತೇಶಪ್ಪನ ಕಿವಿಯಲ್ಲಿ ನಿಂತದ್ದು ಮೊದಲಿನ ಮಾತು ಮಾತ್ರ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅದೇ ಪೆನ್ನಿನ ದರ ಹದಿನೇಳರಿಂದ ಹನ್ನೊಂದು ಸಾವಿರಕ್ಕೆ ಇಳಿಯಿತು. ಈ ಸುದ್ದಿಯನ್ನು ಯುವರಾಜನೇ ಮೊಬೈಲಿನಲ್ಲಿ ಓದಿ ಹೇಳಿದನು. "ಕಾಕಾ, ತಿಂಗಳಿಗೆ ಆರು ಸಾವಿರ ಉಳಿಸಿದಿ ನೋಡು!" ಅಂಗಡಿಯಲ್ಲಿದ್ದವರೆಲ್ಲ ತಲೆದೂಗಿದರು. ಮಾಲತೇಶಪ್ಪನಿಗೆ ಆ ದಿನ ಲಾಟು ಗೆದ್ದಷ್ಟೇ ಹಿಗ್ಗಾಯಿತು.

ಆ ವಾರ ಊರಿಗೆ ಬಂದ ಅಂಜಲಿಗೆ ಅವನು ಇದನ್ನೇ ಹೇಳಲು ಹೋದನು. ಅವಳು ಕೈಯಲ್ಲಿದ್ದ ಚಹದ ಬಟ್ಟಲನ್ನು ಕೆಳಗಿಟ್ಟಳು.

"ಅಪ್ಪಾ, ಉಳಿಸಿದ್ದೇನು? ನೀ ತಗೊಂಡೇ ಇಲ್ಲ."

"ತಗೋತೇನವಾ. ಮಾರ್ಚಿನಾಗ ಮೂರೋ ನಾಕೋ ಸಾವಿರಕ್ಕ ಬರ್ತೈತಿ. ಇದ ಔಷಧ. ಇಳಿಯೂ ದರಕ್ಕ ಈಗ್ಯಾಕ ಕೈ ಹಾಕಬೇಕು?"

"ಡಾಕ್ಟರು ಲಗೂ ಅಂದಿದ್ದು ನಿನಗ ಕೇಳಿಸಿಲ್ಲೇನು? ರೊಕ್ಕ ನಾ ಕೊಡ್ತೇನಿ, ತಗೋ."

"ರೊಕ್ಕದ ಮಾತಲ್ಲ ಇದು."

ಅದು ನಿಜವೇ. ರೊಕ್ಕದ ಮಾತಾಗಿದ್ದರೆ ಮಗಳ ಕೈಯಿಂದಲಾದರೂ ತೆಗೆದುಕೊಳ್ಳುತ್ತಿದ್ದನು. ಇಳಿಯುವುದೆಂದು ಖಾತ್ರಿಯಿರುವ ದರಕ್ಕೆ ಈ ದಿನ ಕೊಂಡರೆ ಅವನು ಇಷ್ಟು ವರ್ಷ ನಂಬಿ ನಡೆದದ್ದೆಲ್ಲ ಸುಳ್ಳಾಗುತ್ತಿತ್ತು. ಮಂಗಳವ್ವನು ಗಂಡನ ಪಕ್ಷವನ್ನೇ ಹಿಡಿದಳು. "ಇರಲಿ ಬಿಡವಾ, ಇಷ್ಟು ದಿನ ಹೊತ್ತೇನಿ, ಇನ್ನೊಂದು ನಾಕು ತಿಂಗಳು ಹೊರಲಾರೆನೇನು? ನಿಮ್ಮಪ್ಪನ ಲೆಕ್ಕ ಎಂದಾದ್ರೂ ತಪ್ಪೈತೇನು?" ಅಂಜಲಿ ಉಣ್ಣದೆ ಸಂಜೆಯ ಬಸ್ಸಿಗೆ ಹೊರಟುಹೋದಳು.

ಸಂಕ್ರಾಂತಿ ಕಳೆಯಿತು. ಮಾರುಕಟ್ಟೆಗೆ ಕಾಯಿ ಹೊಳೆಯಂತೆ ಹರಿದು ಬರತೊಡಗಿತು. ಮಾಲತೇಶಪ್ಪನು ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದನು. ಶಿವರಾತ್ರಿಗೆ ಮೊದಲಿನ ಒಂದು ಟೆಂಡರಿನ ದಿನ ಮಂಗಳವ್ವನಿಗೆ ಎದ್ದ ಹೊತ್ತಿನಿಂದಲೇ ಹೊಟ್ಟೆ ಹಿಡಿದುಕೊಂಡಿತು. ಗ್ಯಾಸು ಎಂದುಕೊಂಡು ಅಜಿವಾನದ ನೀರು ಕುಡಿದಳು. ಗಂಡನು ಕೇಳಿದರೆ "ಏನಿಲ್ಲ, ಹೋಗ್ರಿ, ಮಾಲು ನೋಡ್ರಿ" ಎಂದಳು. ಟೆಂಡರಿನ ದಿನ ಅವನ ಮನಸ್ಸು ಕೆಡಿಸಬಾರದೆಂಬುದು ಆ ಮನೆಯಲ್ಲಿ ಮೊದಲಿನಿಂದ ನಡೆದು ಬಂದ ರೀತಿ.

ಮಧ್ಯಾಹ್ನ ಫೋನು ಮಾಡಿದವಳು ನೆರೆಮನೆಯ ಹುಸೇನಬಿ. "ಅಣ್ಣಾ, ಲಗೂ ಬರ್ರಿ. ವೈನಿ ಹಸರು ವಾಂತಿ ಮಾಡಾಕತ್ತಾರ. ಹೊಟ್ಟಿ ಮುಟ್ಟಿದ್ರ ಕಲ್ಲ ಆಗೇತಿ."

ಹಾವೇರಿಯಲ್ಲಿ ಡಾಕ್ಟರ್ ಶ್ರೀದೇವಿ ಹೊಟ್ಟೆಯನ್ನು ಮುಟ್ಟಿ ನೋಡಿದವರೇ ಅಂಬುಲೆನ್ಸ್ ತರಿಸಿದರು. ಕರುಳು ಸಿಕ್ಕಿಬಿದ್ದಿದೆ, ಆಪರೇಷನ್ ಈಗಲೇ ಆಗಬೇಕು, ಉಸಿರಿನ ಯಂತ್ರವಿರುವ ಹುಬ್ಬಳ್ಳಿಯ ಆಸ್ಪತ್ರೆಗೇ ಒಯ್ಯಬೇಕು ಎಂದರು. ಸ್ಟ್ರೆಚರನ್ನು ಎತ್ತಲು ಇಬ್ಬರು ಸಾಲದೆ ರಸ್ತೆಯಲ್ಲಿ ಹೋಗುವವರನ್ನು ಕರೆದರು. ಮಂಗಳವ್ವನಿಗೆ ಆಗಲೂ ಎಚ್ಚರವಿತ್ತು. "ಸಾವಕಾಶ ಎತ್ರಪಾ, ನಿಮ್ಮ ಸೊಂಟ ಉಳುಕೀತು," ಎಂದಳು. ಅವಳಿಂದ ಅವನು ಕೇಳಿದ ಕೊನೆಯ ಪೂರ್ಣ ಮಾತು ಅದೇ.

ಹುಬ್ಬಳ್ಳಿಯಲ್ಲಿ ಕಪ್ಪಾದ ಕರುಳನ್ನು ಕೊಯ್ದು ತೆಗೆದರು. ಆದರೆ ಅರವಳಿಕೆಯ ಹೊತ್ತಿನಲ್ಲಿ ಡಾಕ್ಟರು ಮೊದಲೇ ಅಂಜಿದ್ದಂತೆ ಆಯಿತು. ಉಸಿರು ಕಟ್ಟಿತು. ಮತ್ತೆ ಬರಿಸಿದರು, ಅಷ್ಟರಲ್ಲಿ ಮೆದುಳಿಗೆ ಪೆಟ್ಟು ಬಿದ್ದಿತ್ತು. ಅವಳು ಯಂತ್ರದ ಮೇಲೆ ವಾರಗಟ್ಟಲೆ ಮಲಗಿದಳು. ಹಾವೇರಿಯ ಡಾಕ್ಟರು ಒಮ್ಮೆ ತಾವಾಗಿಯೇ ನೋಡಲು ಬಂದಿದ್ದರು. ಮಾಲತೇಶಪ್ಪನು ಎದ್ದು ನಿಂತು ಕೇಳಿದನು.

"ಅವ್ವಾರ, ಆ ಇಂಜೆಕ್ಷನ್ ಆಗ ಶುರು ಮಾಡಿದ್ರ..."

"ಈಗ ಅದನ್ನ ಕೇಳಬ್ಯಾಡ್ರಿ, ಯಜಮಾನ್ರ," ಎಂದು ಅವರು ಅವನ ತೋಳು ಹಿಡಿದು ಕೂರಿಸಿದರು. ಅಂಜಲಿ ಗೋಡೆಯ ಕಡೆಗೆ ಮುಖ ಮಾಡಿಕೊಂಡು ನಿಂತಿದ್ದಳು. 

ಮಾರ್ಚಿನ ಕೊನೆಯಲ್ಲಿ, ಅವನು ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತಿರುವಾಗ, ಚೇತನಕುಮಾರನ ಫೋನು ಬಂದಿತು. ಅವನಿಗೆ ಏನೂ ಗೊತ್ತಿರಲಿಲ್ಲ, ದನಿಯಲ್ಲಿ ಉತ್ಸಾಹವಿತ್ತು. "ಕಾಕಾರ, ನಾ ಅಂದಂಗ ಆತ್ರಿ! ಹೊಸಾ ಕಂಪನಿಗಳ ಮಾಲು ಬಂತು. ಮೂರು ಸಾವಿರದ ಒಳಗ ಕೊಡ್ತೇನಿ. ಎಷ್ಟು ತಿಂಗಳದ್ದು ತಗದ ಇಡ್ಲಿ?"

"ಬ್ಯಾಡಪಾ," ಎಂದನು ಮಾಲತೇಶಪ್ಪ. ಅತ್ತಲಿಂದ "ಯಾಕ್ರಿ, ಇನ್ನೂ ಇಳೀತೈತೇನ್ರಿ?" ಎಂದು ಕೇಳುತ್ತಿದ್ದಂತೆ ಫೋನನ್ನು ಕಿವಿಯಿಂದ ತೆಗೆದನು. ಅದನ್ನು ಆರಿಸದೆ ತೊಡೆಯ ಮೇಲೆ ಇಟ್ಟುಕೊಂಡನು. ಪಕ್ಕದಲ್ಲಿ ಕುಳಿತಿದ್ದ ಯಾರದೋ ಮನೆಯವರು ಆರಿಸಿ ಕೊಟ್ಟರು.

ಮಂಗಳವ್ವನನ್ನು ಮನೆಗೆ ತಂದು ಈಗ ಕೆಲವು ತಿಂಗಳಾದವು. ಕಣ್ಣು ತೆರೆದು ನೋಡುತ್ತಾಳೆ. ಹುಸೇನಬಿ ಬಂದರೆ ತುಟಿ ಅಲುಗುತ್ತದೆ. ಮಾತಿಲ್ಲ, ಎಡಗೈಗೆ ಬಲವಿಲ್ಲ, ಊಟ ಸೇರದು. ಡಾಕ್ಟರು ಇಳಿಸಲು ಹೇಳಿದ್ದ ತೂಕವೂ ಇಳಿಯಿತು, ಅದರ ಎರಡರಷ್ಟೂ ಇಳಿಯಿತು, ಇನ್ನೂ ಇಳಿಯುತ್ತಿದೆ. ಬಳೆಗಳು ಮೊಣಕೈಗೆ ಜಾರುತ್ತವೆ. ಹೇಗಾದರೂ ಮಾಡಿ ಮೈ ಹಿಡಿಯುವಂತೆ ಮಾಡಿರೆಂದು ಈಗ ಡಾಕ್ಟರು ಹೇಳುತ್ತಾರೆ.

ಯುವರಾಜನು ಎರಡು ಸಲ ಬಂದು ಕರೆದನು. "ಕಾಕಾ, ನೀ ಇಲ್ದ ಟೆಂಡರಿನಾಗ ನಾ ಕುರುಡಾಗೇನಿ." ಮಾಲತೇಶಪ್ಪನು ಹೋಗಲಿಲ್ಲ. ಬೆಳಿಗ್ಗೆ ಅವನೇ ರವೆ ಹುರಿದು, ಬೆಲ್ಲ ಹಾಕಿ ಸಜ್ಜಕ ಮಾಡುತ್ತಾನೆ. ತುಪ್ಪವನ್ನು ಮೊದಮೊದಲು ಚಮಚದಲ್ಲಿ ಹಾಕುತ್ತಿದ್ದವನು ಈಗ ಗಿಂಡಿಯನ್ನೇ ಬಗ್ಗಿಸುತ್ತಾನೆ. ಆಮೇಲೆ ಅವಳ ಕಂಕುಳಲ್ಲಿ ಒಂದು ಕೈ, ಮಂಡಿಯ ಕೆಳಗೆ ಒಂದು ಕೈ ಕೊಟ್ಟು, ಯಾರನ್ನೂ ಕರೆಯದೆ ಒಬ್ಬನೇ ಎತ್ತಿ ತಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸುತ್ತಾನೆ.

"ಇದೊಂದ ತುತ್ತು ತಗೋ, ಮಂಗಳಾ," ಎನ್ನುತ್ತಾನೆ. ಅವಳು ಮುಖ ತಿರುಗಿಸುತ್ತಾಳೆ. ಅವನು ಕುರ್ಚಿಯ ಇನ್ನೊಂದು ಮಗ್ಗುಲಿಗೆ ಹೋಗಿ ಕುಳಿತುಕೊಂಡು ಚಮಚವನ್ನು ಮತ್ತೆ ತುಂಬುತ್ತಾನೆ.