ಬೈಲೂರಿಗೆ ಹೋಗದ ಪಾರ್ಸೆಲ್

ಹನುಮಂತಣ್ಣ, ಆ ಪಾರ್ಸೆಲನ್ನು ನಾನು ನಿಮ್ಮ ಕೈಗೆ ಕೊಟ್ಟಿರಲೇ ಇಲ್ಲ. ನೀವು ಅದನ್ನು ಕದಿಯಲಿಲ್ಲ, ಕಳೆಯಲಿಲ್ಲ, ಯಾವ ಸೀಟಿನ ಅಡಿಯಲ್ಲೂ ಇಟ್ಟು ಮರೆಯಲಿಲ್ಲ. ಅದು ನಿಮ್ಮ ಬಸ್ಸನ್ನು ಹತ್ತಲೇ ಇಲ್ಲ. ನಾಲ್ಕು ಜನರ ಎದುರು ನಾನು "ಕೊಟ್ಟಿದ್ದೇನೆ" ಎಂದದ್ದು ಸುಳ್ಳು.

ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು — ಅದೂ ಕೇಳಿಸಿಕೊಳ್ಳಲು ನೀವಿಲ್ಲ ಎಂದು ಗೊತ್ತಾದ ಮೇಲೆ. ಸತ್ತವರ ಹತ್ತಿರ ಸತ್ಯ ಹೇಳುವುದು ಎಂಥ ಸುಲಭ ನೋಡಿ. ನಾಚಿಕೆಯಾಗಬೇಕು ನನಗೆ. ಆಗುತ್ತಿದೆ ಕೂಡ, ಆದರೆ ಅದರಿಂದ ಯಾರಿಗೆ ಎಂತ ಪ್ರಯೋಜನ?

ಮೊದಲಿನಿಂದ ಹೇಳುತ್ತೇನೆ. ಎರಡು ಸಾವಿರದ ಆರೋ ಏಳೋ ಇರಬೇಕು. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ನಮ್ಮ ಕೊರಿಯರ್ ಆಫೀಸು. ಕೆಲಸಕ್ಕೆ ನಾನೊಬ್ಬಳು, ಪೇಟೆಯೊಳಗೆ ಸೈಕಲ್ಲಿನಲ್ಲಿ ಕಾಗದ ಹಂಚುವ ಮುದುಕರೊಬ್ಬರು, ದಿನಕ್ಕೊಮ್ಮೆ ಬಂದು ಹೋಗುವ ಮಾಲಕರು. ಅಲ್ಲಿಯವರೆಗೆ ನಮಗೆ ಬರುತ್ತಿದ್ದದ್ದು ಬ್ಯಾಂಕಿನ ಲಕೋಟೆ, ಮಣಿಪಾಲದ ಮಕ್ಕಳ ಅರ್ಜಿ, ಅಷ್ಟೇ. ಇದ್ದಕ್ಕಿದ್ದಂತೆ ಕಂಪ್ಯೂಟರಿನಲ್ಲಿ ಕೊಂಡ ಸಾಮಾನುಗಳು ಬರತೊಡಗಿದವು. ದುಬಾಯಿಯಲ್ಲಿ ಕೂತ ಗಂಡ ಅಲ್ಲಿಂದಲೇ ಗುಂಡಿ ಒತ್ತಿ ಹೆಬ್ರಿಯ ಹೆಂಡತಿಗೆ ಸೀರೆ ಕಳಿಸುವುದು, ಮಸ್ಕತ್ತಿನ ಮಗ ಹೆಜಮಾಡಿಯ ತಂದೆಗೆ ವಾಚು ಕಳಿಸುವುದು. ಬೆಂಗಳೂರಿನಿಂದ ಬೆಳಿಗ್ಗೆ ಚೀಲ ಬಂದು ಬೀಳುತ್ತಿತ್ತು. ಹೆಬ್ರಿಗೆ, ಕಾರ್ಕಳಕ್ಕೆ, ಕಾಪುವಿಗೆ ಅದನ್ನು ಒಯ್ಯುವವರು ಯಾರು? ನಮಗೆ ವ್ಯಾನು ಇಲ್ಲ, ಜನ ಇಲ್ಲ.

ಉಪಾಯ ನನ್ನದು. ನಮ್ಮ ಊರ ಕಡೆ ಬಸ್ಸಿನಲ್ಲಿ ಯಾವುದು ಹೋಗುವುದಿಲ್ಲ ಹೇಳಿ! ಮಲ್ಲಿಗೆ ಹೂವಿನ ಅಟ್ಟೆ, ಔಷಧದ ಪೊಟ್ಟಣ, ಪೇಪರಿನ ಕಟ್ಟು, ಮರೆತು ಬಂದ ಕನ್ನಡಕ — ಎಲ್ಲ ಕಂಡಕ್ಟರ ಕೈಗೆ ಕೊಟ್ಟರೆ ಸ್ಟಾಪಿನಲ್ಲಿ ನಿಂತವರಿಗೆ ಸಿಗುತ್ತದೆ. ಹಾಗಾದರೆ ಇದೂ ಹೋಗಲಿ. ನಾನು ಪಾರ್ಸೆಲುಗಳನ್ನು ಊರಿನ ಹೆಸರಿನಲ್ಲಿ ವಿಂಗಡಿಸುವುದನ್ನೇ ಬಿಟ್ಟೆ. ರಟ್ಟಿನ ಪೆಟ್ಟಿಗೆಗಳ ಮೇಲೆ ಬಸ್ಸು ಹೊರಡುವ ಹೊತ್ತು ಬರೆದಿಟ್ಟೆ. ಬೆಳಿಗ್ಗೆ ಫೋನು ಮಾಡಿ, "ಒಂಬತ್ತೂಕಾಲಿನ ಬಸ್ಸಿನಲ್ಲಿ ಕಳಿಸ್ತೇನೆ, ಸ್ಟಾಪಿನಲ್ಲಿ ನಿಂತುಕೊಳ್ಳಿ" ಎನ್ನುವುದು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಸ್ಟಾಪಿನ ಗೂಡಂಗಡಿಯಲ್ಲಿ ಇಡಿಸುವುದು. ಜನರಿಗೆ ಬಹಳ ಖುಷಿ. ಬೆಂಗಳೂರಿನ ಹೆಡ್ಡಾಫೀಸಿಗೆ ಆಶ್ಚರ್ಯ — ಈ ಉಡುಪಿಯವರು ಹಳ್ಳಿಗಳಿಗೂ ಅದೇ ದಿನ ಹೇಗೆ ಮುಟ್ಟಿಸುತ್ತಾರೆ? ಹೇಗೆಂದು ಬರೆದು ಕಳಿಸಿ ಎಂದರು. ಎರಡು ಪುಟ ಬರೆದೆ. ಬೇರೆ ಊರಿನವರೂ ಹಾಗೆಯೇ ಮಾಡಿ ಎಂದು ಅದನ್ನು ಹಂಚಿದರಂತೆ. ನಾನು ನೆಲದ ಮೇಲೆ ಇರಲಿಲ್ಲ ಆಗ.

ಆ ಎರಡು ಪುಟದಲ್ಲಿ ಒಂದು ವಿಷಯ ನಾನು ಬರೆಯಲಿಲ್ಲ. ಪಡೆದುಕೊಂಡವರ ಸಹಿ ಬೇಕು, ಹನ್ನೊಂದು ಗಂಟೆಯೊಳಗೆ 'ತಲುಪಿದೆ' ಎಂದು ಕಂಪ್ಯೂಟರಿನಲ್ಲಿ ಹಾಕಬೇಕು — ಇದು ಹೆಡ್ಡಾಫೀಸಿನ ನಿಯಮ. ನೂಕುನುಗ್ಗಲಿನಲ್ಲಿ ಕಂಡಕ್ಟರು ಸಹಿ ಹಾಕಿಸಿಕೊಳ್ಳುವುದುಂಟೇ? ಸಹಿ ನಾನೇ ಹಾಕುತ್ತಿದ್ದೆ. ಮೂರು ಬಣ್ಣದ ಪೆನ್ನು ಇಟ್ಟುಕೊಂಡು, ಒಮ್ಮೆ ಓರೆಯಾಗಿ, ಒಮ್ಮೆ ದುಂಡಗೆ, ಕೆಲವೊಮ್ಮೆ ಎಡಗೈಯಲ್ಲಿ. ಮೊದಮೊದಲು ಪಾರ್ಸೆಲು ಹೋದ ಮೇಲೆ ಹಾಕುತ್ತಿದ್ದೆ. ಆಮೇಲೆ ಯಾಕೆ ಕಾಯುವುದು ಎಂದು ಚೀಲ ಬಿಚ್ಚಿದ ಕೂಡಲೇ ಎಲ್ಲಕ್ಕೂ ಹಾಕಿ ಮುಗಿಸತೊಡಗಿದೆ. ಎಂಥ ಬುದ್ಧಿವಂತಿಕೆ ನನ್ನದು!

ಕಾರ್ಕಳದ ಒಂಬತ್ತೂಕಾಲಿನ ಬಸ್ಸಿನ ಕಂಡಕ್ಟರು ನೀವು. ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರು ಬಸ್ಸಿನ ಲೈನಿಗೆ ಸೇರಿದ್ದಿರಿ. ತುಳು ಅರ್ಥವಾಗುತ್ತಿತ್ತು, ಮಾತಾಡಲು ನಾಲಿಗೆ ಹೊರಳುತ್ತಿರಲಿಲ್ಲ. ಉಳಿದ ಕಂಡಕ್ಟರು ನನ್ನ ಪೊಟ್ಟಣಗಳನ್ನು ಡ್ರೈವರನ ಹಿಂದೆ ಎಸೆಯುತ್ತಿದ್ದರು. ನೀವು ಒಂದೊಂದನ್ನೂ ಎರಡು ಕೈಯಲ್ಲಿ ಇಸಿದುಕೊಂಡು, "ಇದು ಯಾವ ಊರಿಂದ್ರಿ ಅಕ್ಕಾರ?" ಎಂದು ಕೇಳಿ, ಹೆಸರನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು ಹೋಗುತ್ತಿದ್ದಿರಿ. ಸಂಕ್ರಾಂತಿಗೆ ನಿಮ್ಮ ಹೆಂಡತಿ ಗಂಗವ್ವನವರು ಮಾಡಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದುಕೊಟ್ಟಿರಿ. ನಾನು ಕ್ರಿಸ್ಮಸ್ಸಿಗೆ ಕುಸ್ವಾರು ತಿಂಡಿ ಕೊಟ್ಟೆ. ಇದೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ — ನನಗೆ ನೀವು ಯಾರೋ ಆಗಿರಲಿಲ್ಲ.

ಬೈಲೂರಿನ ಟೀಚರಿಗೆ ಅವರ ಗಂಡ ದುಬಾಯಿಯಿಂದ ಬುಕ್ ಮಾಡಿದ ಮೊಬೈಲು ಅದು. ಬೆಳಿಗ್ಗೆ ಸಹಿ ಹಾಕಿದೆ, ತಲುಪಿದೆ ಎಂದು ಕಂಪ್ಯೂಟರಿಗೂ ಹಾಕಿದೆ. ಟೀಚರಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ಬೆಲೆಬಾಳುವ ಸಾಮಾನು, ಗೂಡಂಗಡಿ ಬೇಡ, ಮುಂದಿನ ಬಸ್ಸಿಗೆ ಕೊಡುವ ಎಂದು ತೆಗೆದು ಎಲ್ಲೋ ಇಟ್ಟೆ. ಆ ಮಧ್ಯಾಹ್ನವೇ ತಂಗಿಯ ಮದುವೆಯ ರೋಸಿಗೆ, ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆಂದು ರಜೆ ಹಾಕಿ ಕಾಪುವಿಗೆ ಹೋದೆ. ನಾಲ್ಕು ದಿನ ಮದುವೆಯ ಗೌಜಿ. ತಿರುಗಿ ಬರುವಾಗ ಆಫೀಸಿನಲ್ಲಿ ಟೀಚರು, ನಮ್ಮ ಮಾಲಕರು, ನಿಮ್ಮ ಬಸ್ಸಿನ ಧಣಿ, ಬಾಗಿಲ ಹತ್ತಿರ ನೀವು.

"ಇದು ನನ್ನ ಸಹಿ ಅಲ್ಲ," ಎಂದರು ಟೀಚರು. "ನಾನು ಸ್ಟಾಪಿಗೆ ಬರಲೇ ಇಲ್ಲ. ಯಾರು ಹಾಕಿದ್ದು ಇದನ್ನು?"

ನೀವು ಕಾಗದವನ್ನು ಬಗ್ಗಿ ನೋಡಿದಿರಿ. "ಇದು ಇಂಗ್ಲಿಷ್ ಐತಲ್ರಿ, ನನಗ ಇಂಗ್ಲಿಷ್ ಬರೆಯಾಕ ಬರಂಗಿಲ್ರಿ," ಎಂದಿರಿ. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಾಕಿಕೊಂಡೆ. ಆ ಒಂದು ಮಾತಿನಲ್ಲಿ ನೀವು ಉಳಿದುಕೊಳ್ಳಬಹುದಿತ್ತು, ನಾನು ಬಾಯಿ ತೆರೆದಿದ್ದರೆ —

ಧಣಿ ನನ್ನ ಕಡೆ ತಿರುಗಿದರು. "ಸಿಸಿಲಿ ಬಾಯಿ, ನೀವು ಹೇಳಿ. ಇವನ ಕೈಗೆ ಕೊಟ್ಟದ್ದು ಹೌದಾ ಅಲ್ವಾ?"

ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ನೆನಪಿರಲಿಲ್ಲ. ನೆನಪಿಲ್ಲ ಎಂದೇ ಹೇಳಬಹುದಿತ್ತು. ಹಾಗೆ ಹೇಳಿದರೆ ಸಹಿಯ ಮಾತು ಬರುತ್ತದೆ, ಸಹಿ ನನ್ನದೆಂದು ಗೊತ್ತಾದರೆ ಹಳೆಯ ಸಹಿಗಳೂ ಹೊರಗೆ ಬರುತ್ತವೆ, ಆ ಎರಡು ಪುಟ, ಆ ಹೊಗಳಿಕೆ, ನನ್ನ ಕೆಲಸ — ಇಷ್ಟೂ ಒಂದು ಉಸಿರಿನಲ್ಲಿ ತಲೆಯೊಳಗೆ ಹೋಯಿತು. ಇನ್ನೂ ಒಂದು ಹೋಯಿತು, ಅದನ್ನೂ ಹೇಳಿಬಿಡುತ್ತೇನೆ: ನೀವು ಘಟ್ಟದ ಮೇಲಿನವರು, ಹೊರಗಿನವರು; ಧಣಿಯೂ ಮಾಲಕರೂ ನನ್ನ ಮಾತನ್ನೇ ನಂಬುತ್ತಾರೆ ಎಂದು ನನಗೆ ಗೊತ್ತಿತ್ತು.

"ಕೊಟ್ಟಿದ್ದೇನೆ," ಎಂದೆ.

ನೀವು ನನ್ನ ಮುಖ ನೋಡಿದಿರಿ. ಸಿಟ್ಟಿನಿಂದ ನೋಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನೀವು ಯೋಚನೆ ಮಾಡುತ್ತಿದ್ದಿರಿ, ನೆನಪು ಹುಡುಕುತ್ತಿದ್ದಿರಿ. ಆಮೇಲೆ ಧಣಿಗೆ ಹೇಳಿದಿರಿ: "ಅಕ್ಕಾರು ಕೊಟ್ಟೇನಿ ಅಂದ್ರ ಕೊಟ್ಟಿರತಾರ್ರಿ. ನಂದ ತಲಿ ಕೆಟ್ಟಿರಬೇಕು. ಎಲ್ಲಿ ಇಳಿಸಿದೆನೋ ಏನೋ... ಆದರ ಧಣ್ಯಾರ, ನಾ ಕದ್ದಿಲ್ರಿ."

"ಯಾರ ಹತ್ತಿರವೋ ಸಹಿ ಹಾಕಿಸಿದ್ದಾನೆ. ಇವರನ್ನೆಲ್ಲ ನಂಬಿದ್ದೇ ತಪ್ಪು ಮಾರಾಯ್ರೇ," ಎಂದರು ಧಣಿ ನಮ್ಮ ಮಾಲಕರಿಗೆ. ಚರ್ಮದ ಚೀಲವನ್ನು ನಿಮ್ಮ ಹೆಗಲಿಂದ ಅಲ್ಲಿಯೇ ಇಳಿಸಿಕೊಂಡರು. ಕದ್ದವನೆಂದು ಒಮ್ಮೆ ಹೆಸರು ಬಂದರೆ ಈ ಲೈನಿನಲ್ಲಿ ಬೇರೆ ಯಾವ ಬಸ್ಸಿಗೂ ತೆಗೆದುಕೊಳ್ಳುವುದಿಲ್ಲ. ಅದು ನನಗೂ ಗೊತ್ತಿತ್ತು.

ಎಂಟು ದಿನ ಕಳೆದು, ಸ್ಟೀಲ್ ಕಪಾಟಿನ ಮೇಲಿಂದ ಸಹಿ ಹಾಕಿದ ಹಳೆಯ ಶೀಟುಗಳ ಕಟ್ಟು ಇಳಿಸುವಾಗ ಅದರ ಹಿಂದೆ ಪಾರ್ಸೆಲು ಇತ್ತು. ನಾನೇ ಇಟ್ಟದ್ದು. ಕೈಯಲ್ಲಿ ಹಿಡಿದುಕೊಂಡು ಕುರ್ಚಿಯ ಮೇಲೆ ಎಷ್ಟು ಹೊತ್ತು ಕೂತೆನೋ — ಕೆಳಗೆ ಒಂಬತ್ತೂಕಾಲಿನ ಬಸ್ಸಿನ ಹೊಸ ಕಂಡಕ್ಟರು "ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು" ಎಂದು ಕೂಗುತ್ತಿದ್ದ. ಅವತ್ತು ಹೇಳಿದ್ದರೆ ನಿಮಗೆ ಎಲ್ಲ ವಾಪಸು ಸಿಗುತ್ತಿತ್ತು. ನಾಳೆ ಹೇಳುವ ಎಂದುಕೊಂಡೆ. ಅದನ್ನು ಸೀರೆಯ ಸೆರಗಿನಲ್ಲಿ ಮುಚ್ಚಿ ಮನೆಗೆ ಒಯ್ದೆ. ಮೊದಲಿನ ಸುಳ್ಳು ಹೆದರಿಕೆಯಿಂದ ಬಂತು ಎನ್ನಿ. ಇದು ಹಾಗಲ್ಲ. ಇದನ್ನು ಗೊತ್ತಿದ್ದೂ ಗೊತ್ತಿದ್ದೂ ದಿನಾ ಮಾಡಿದೆ.

ಇಗರ್ಜಿಯಲ್ಲಿ ಪಾಪನಿವೇದನೆಗೆ ಮೊಣಕಾಲೂರಿ ಇದನ್ನು ಹೇಳಿದ್ದೇನೆ. "ಮೊದಲು ಆ ಮನುಷ್ಯನ ಹತ್ತಿರ ಹೋಗು, ಆಮೇಲೆ ಇಲ್ಲಿಗೆ ಬಾ" ಎಂದರು ಪಾದ್ರಿಯವರು. ನೀವು ಮಣಿಪಾಲದಲ್ಲಿ ಕಲ್ಲು ಹೊರುತ್ತಿದ್ದೀರಿ ಎಂದು ಕೇಳಿ ಮೂರು ಸಲ ಬಸ್ಸು ಹತ್ತಿದೆ. ಮೂರು ಸಲವೂ ದಾರಿಯಲ್ಲೇ ಇಳಿದು ತಿರುಗಿ ಬಂದೆ.

ಕೊನೆಗೆ ನೀವೇ ಸಿಕ್ಕಿದಿರಿ. ಎರಡು ವರ್ಷ ಕಳೆದಿರಬೇಕು, ಮಣಿಪಾಲದ ಬಸ್ ಸ್ಟಾಪಿನಲ್ಲಿ. ತಲೆಯೆಲ್ಲ ಸಿಮೆಂಟಿನ ಪುಡಿ. ನನ್ನನ್ನು ನೋಡಿ ಮುಖ ತಿರುಗಿಸುತ್ತೀರಿ ಎಂದುಕೊಂಡೆ. ನೀವು ಎದುರು ಬಂದು ನಿಂತಿರಿ, ಕೈ ಮುಗಿದಿರಿ. "ಅಕ್ಕಾರ, ನನ್ನಿಂದ ನಿಮ್ಮ ಆಫೀಸಿಗೆ ಕೆಟ್ಟ ಹೆಸರು ಬಂತ್ರಿ. ನೀವು ನಂಬಿ ಕೊಟ್ಟಿದ್ರಿ. ಎಲ್ಲಿಟ್ಟೆ ಅಂತ ಇವತ್ತಿಗೂ ನೆನಪಾಗವಲ್ದು. ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

ಜನ ಇದ್ದರು, ನನ್ನ ಬಸ್ಸು ಬಂದಿತ್ತು — ಇಲ್ಲ, ಇದೆಲ್ಲ ನೆಪ. ಹೇಳಲು ಒಂದೇ ಒಂದು ವಾಕ್ಯ ಸಾಕಿತ್ತು. ನಾನು ಏನು ಹೇಳಿದೆ ಗೊತ್ತುಂಟಲ್ಲ ನಿಮಗೆ? "ಹೋಗಲಿ ಬಿಡಿ ಹನುಮಂತಣ್ಣ, ಮರೆವು ಯಾರಿಗೆ ಇಲ್ಲ? ನಾನು ಏನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ." ನಾನು ನಿಮ್ಮನ್ನು ಕ್ಷಮಿಸಿದೆ! ನಿಮ್ಮ ಕಣ್ಣಲ್ಲಿ ನೀರು ಬಂತು. ಬಸ್ಸು ಹತ್ತಿಸುವಾಗ ನನ್ನ ಚೀಲ ಎತ್ತಿಕೊಡಲು ಕೈ ಚಾಚಿ, ಮತ್ತೆ ಯಾಕೋ ಹಿಂದಕ್ಕೆ ತೆಗೆದುಕೊಂಡಿರಿ.

ಯಾಕೆಂದು ಹೋದ ವಾರ ತಿಳಿಯಿತು. ಈಗ ನಾನು ಕಾಪುವಿನಲ್ಲಿ ತಂಗಿಯ ಮನೆಯಲ್ಲಿದ್ದೇನೆ. ಕಣ್ಣು ತೋರಿಸಲು ಮಣಿಪಾಲಕ್ಕೆ ಹೋದಾಗ ಗಂಗವ್ವನವರು ಸಿಕ್ಕಿದರು. ನೀವು ತೀರಿಹೋಗಿ ಮೂರು ತಿಂಗಳಾಯಿತಂತೆ. "ಆ ಬಸ್ಸು ಬಿಟ್ಟ ಮ್ಯಾಲ ಯಾರ ಕೈಯಾಗಿಂದೂ ಏನೂ ಇಸಕೊಳ್ತಿರಲಿಲ್ರಿ ಅಕ್ಕಾರ," ಎಂದರು. "ಮನೀ ಚಾವಿ ಸೈತ ಇಸಕೊಳ್ತಿರಲಿಲ್ಲ. ಕೆಳಗಿಡು, ನಾ ಕಳೀತೀನಿ ಅಂತಿದ್ರು." ಇಷ್ಟು ಹೇಳಿ ನನ್ನ ಕೈ ಹಿಡಿದುಕೊಂಡು ಸಮಾಧಾನ ಹೇಳಿದರು — ನನಗೆ! ನಾನು ಅಳುತ್ತಿದ್ದೆನಲ್ಲ, ಅದಕ್ಕೆ.

ತಂಗಿಯ ಮನೆಗೆ ದಿನಾ ಯಾವುದಾದರೂ ಪಾರ್ಸೆಲು ಬರುತ್ತದೆ. ಫೋನಿಗೆ ಬಂದ ನಂಬರು ಹೇಳಿದ ಮೇಲೆಯೇ ಕೊಡುವುದು. ಬೆಲ್ಲು ಕೇಳಿದರೆ ನಾನು ಒಳಗೆ ಹೋಗಿ ಕೂರುತ್ತೇನೆ.

ಆ ಪಾರ್ಸೆಲು ಈಗ ನನ್ನ ಎದುರಿಗೆ ಇದೆ. ಇವತ್ತಿನವರೆಗೆ ಒಡೆದಿಲ್ಲ. ಟೀಚರ ಹೆಸರು ಮಾಸಿದೆ, ಬೈಲೂರು ಎಂಬುದು ಮಾತ್ರ ಕಾಣುತ್ತದೆ. ನಾಳೆ ಬೆಳಿಗ್ಗೆ ಇದನ್ನೂ ಈ ಕಾಗದವನ್ನೂ ತೆಗೆದುಕೊಂಡು ಮಣಿಪಾಲಕ್ಕೆ ಹೋಗುತ್ತೇನೆ. ಈ ಸಲ ದಾರಿಯಲ್ಲಿ ಇಳಿಯುವುದಿಲ್ಲ. ಗಂಗವ್ವನವರಿಗೆ ಓದಲು ಬರುವುದಿಲ್ಲ, ಹಾಗಾಗಿ ನಾನೇ ಓದಿ ಹೇಳಬೇಕು, ಮೊದಲ ಸಾಲಿನಿಂದಲೇ. ಅಲ್ಲಿಂದ ಬೈಲೂರಿಗೆ, ಟೀಚರ ಹತ್ತಿರ. ಅವರಿಬ್ಬರು ಏನು ಹೇಳುತ್ತಾರೋ, ಏನು ಮಾಡುತ್ತಾರೋ, ಅದು ಅವರಿಗೆ ಬಿಟ್ಟದ್ದು. ಕ್ಷಮಿಸಿ ಎಂದು ಮಾತ್ರ ನಾನು ಕೇಳುವುದಿಲ್ಲ, ಹನುಮಂತಣ್ಣ. ಆ ಮಾತನ್ನು ನೀವು ನನ್ನ ಹತ್ತಿರ ಕೇಳಿಬಿಟ್ಟಿದ್ದೀರಿ.