ಕೈವಾರದ ಸೂಜಿ ತೂತು

ಕಾಲುವೆ ಕಚೇರಿಯ ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಈಗ ನನ್ನ ತಲೆಗೆ ಬಿದ್ದಿದೆ. ಮೊನ್ನೆ ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತುಂಬ ಸಣ್ಣ ಸಣ್ಣ ತೂತುಗಳು. ಹುಳ ತಿಂದದ್ದಲ್ಲ, ಕೈವಾರದ ಸೂಜಿ ಊರಿದ್ದು. ಕಾಕಾ ನೆನಪಾದರು...

ಶಹಾಪುರದ ಈ ಕಚೇರಿಯಲ್ಲಿ ಅವರು ನಕ್ಷೆ ಬರೆಯುತ್ತಿದ್ದರು, ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ನಾರಾಯಣಪುರ ಅಣೆಕಟ್ಟಿನ ನೀರು ಹೊಲಗಳಿಗೆ ಹರಿಯತೊಡಗಿದ ಕಾಲದವರು. ಕಾಲುವೆ ತಿರುಗುವ ಕಡೆ ಮೊದಲು ಕೈವಾರದಿಂದ ಎರಡು ಕಚ್ಚಾ ವೃತ್ತ ಎಳೆಯಬೇಕು. ಅವು ಕೂಡಿದಲ್ಲಿ ತಿರುವಿನ ಕೇಂದ್ರ. ಬಿಂದು ಸಿಕ್ಕ ಮೇಲೆ ವೃತ್ತ ಅಳಿಸಬೇಕು. ಕಂಪ್ಯೂಟರ್ ಬಂದಾಗ ಇದನ್ನೇ ಅದರಲ್ಲಿ ಮಾಡುವುದನ್ನು ಕಲಿಸಲು, ಕಂಪ್ಯೂಟರ್ ಕಲಿತು ಹೊಸದಾಗಿ ಸೇರಿದ್ದ ನನ್ನನ್ನು ಅವರ ಪಕ್ಕ ಕೂರಿಸಿದರು. ಕಲಿಯದವರನ್ನು ಟಪಾಲು ವಿಭಾಗಕ್ಕೆ ಹಾಕುತ್ತೇನೆ ಎಂದು ಸಾಹೇಬರು ಗದರಿಸಿದ್ದರು. ಕಾಕಾಗೆ ನಕ್ಷೆಯ ಮೇಜು ಬಿಡುವುದೆಂದರೆ ಜೀವ ಬಿಟ್ಟಂತೆ.

ವೃತ್ತ ಎಳೆಯುವುದನ್ನು ಬೇಗ ಕಲಿತರು. ಅಳಿಸುವುದಕ್ಕೆ ಮಾತ್ರ ಕೈ ಬರುತ್ತಿರಲಿಲ್ಲ.

“ಹಾಳ್ಯಾಗ ಅಳಿಸಿದ್ರ ತೂತರ ಉಳಿತೈತವ್ವಾ. ಇದರಾಗ ಏನೂ ಉಳಿಯಂಗಿಲ್ಲ. ಈ ಬಿಂದು ಎಲ್ಲಿಂದ ತಂದಿ ಅಂತ ಕೇಳಿದ್ರ ಏನ್ ತೋರಿಸ್ಲಿ?”

ಅವರ ಹಟಕ್ಕೆ ಸೋತು, ವೃತ್ತಗಳು ಪರದೆಯ ಮೇಲಷ್ಟೇ ಕಂಡು ಅಚ್ಚಾಗದಂತೆ ಬೇರೆ ಪದರದಲ್ಲಿ ಇಡುವುದನ್ನು ಹೇಳಿಕೊಟ್ಟೆ. ಚಿಕ್ಕ ಹುಡುಗನಂತೆ ಖುಷಿಪಟ್ಟರು.

ಒಂದು ಸಲ ಪದರ ಬದಲಿಸಲು ಮರೆತರು. ಕೆಂಭಾವಿ ಕಡೆಯ ಒಂದು ಹಳ್ಳಿಯ ಪಂಚಾಯಿತಿ ಗೋಡೆಗೆ ವೃತ್ತಗಳ ಸಮೇತ ನಕ್ಷೆ ಅಂಟಿತು. ಮರುವಾರ ಒಬ್ಬ ಮುದುಕಿ ಬಸ್ಸು ಹಿಡಿದು ಬಂದಳು.

“ನಮ್ಮ ಹೊಲದ ಮ್ಯಾಲ ಗುಂಡಗ ಬರದೀರಂತಲ್ರೀ. ಕೆರಿ ತೋಡ್ತೀರೇನು? ಊಟ ಸೇರವಲ್ದು, ನಾ ಎಲ್ಲಿ ಹೋಗ್ಲಿ?”

ಕಚೇರಿಯಲ್ಲಿ ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಅವಳಿಗೆ ನೀರು ಕೊಟ್ಟು, ಎದುರಿಗೆ ಕುಳಿತು ಕೈ ಮುಗಿದರು. “ನಂದೇ ತಪ್ಪವ್ವಾ. ನಿನ್ನ ಹೊಲಕ್ಕ ಏನೂ ಆಗಂಗಿಲ್ಲ.” ಅವಳಿಗೆ ನಂಬಿಕೆ ಬರಲು ಬಹಳ ಹೊತ್ತು ಹಿಡಿಯಿತು.

ಸಾಹೇಬರು ಬೈದು ಸುಮ್ಮನಾದರು. ಆದರೆ ಮರುದಿನ ಕಾಕಾ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಟಪಾಲು ವಿಭಾಗಕ್ಕೆ ಹೋದರು. “ನನ್ನ ಗೆರಿ ನೋಡಿ ಒಬ್ಬಾಕಿ ಊಟ ಬಿಟ್ಟಾಳ. ಸಾಕವ್ವಾ,” ಎಂದರು.

ಆಮೇಲೂ ಚಹಾದ ಹೊತ್ತಿಗೆ ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಪರದೆ ನೋಡಿ ಒಂದೇ ಮಾತು: “ಅಳಿಸಿದೇನವ್ವಾ?”

“ಅಳಿಸೀನ್ರಿ ಕಾಕಾ.”

ನಿವೃತ್ತರಾಗಿ ಸುರಪುರಕ್ಕೆ ಹೋದರು. ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು... ಈಗ ನನಗೂ ವಯಸ್ಸಾಗಿದೆ, ಪರದೆ ನೋಡಿದರೆ ಕಣ್ಣು ಉರಿಯುತ್ತದೆ, ಕುತ್ತಿಗೆ ಹಿಡಿದುಕೊಳ್ಳುತ್ತದೆ. ಹೊಸ ಸಾಫ್ಟ್‌ವೇರ್ ಕಲಿಯಿರಿ ಎಂದು ನನಗೂ ಹೇಳುತ್ತಿದ್ದಾರೆ.

ಸ್ಕ್ಯಾನ್ ಮಾಡಿದಾಗ ಆ ತೂತುಗಳು ಕಪ್ಪು ಚುಕ್ಕಿಗಳಾಗಿ ಬಂದವು. ಕಲೆಗಳನ್ನೆಲ್ಲ ತೆಗೆದು ಕಳಿಸಬೇಕೆಂದು ಆದೇಶ. ಅದಕ್ಕೊಂದು ಗುಂಡಿ ಇದೆ, ಒತ್ತಿದೆ. ಹಾಳೆ ಬೆಳ್ಳಗಾಯಿತು. ಚಹಾದ ಹೊತ್ತಾಗಿತ್ತು, ಅಭ್ಯಾಸಬಲದಿಂದ ಹಿಂದೆ ತಿರುಗಿ ನೋಡಿದೆ. ಅಳಿಸಿದೆಯಾ ಎಂದು ಕೇಳಲು ಯಾರೂ ಇರಲಿಲ್ಲ.